ಕಡೂರಿನ ಹುಡುಗಿಯ ಮೂವತ್ತೈದು ರನ್ನು

ಇಲ್ಲಿ ಏನಾದ್ರೂ ಬರೆದು ಬಹಳ ದಿನ ಆಯ್ತು. ಆಫೀಸಲ್ಲಿ ಮೊದಲು ರಿಲೀಸು, ಅದರ ಬೆನ್ನಿಗೇ ಅಪ್ರೈಸಲ್ಲು. ಎರಡೂ ಮುಗಿದ ಮೇಲೆ ಬ್ಯಾಗಿಗೆ ನಾಲ್ಕು ಬಟ್ಟೆ ತುರುಕಿಕೊಂಡು ಊರಿನ ರೈಲು ಹತ್ತಿದೆ. ಊರು ಅಂದ್ರೆ ಕಡೂರು. ಅಕ್ಕನನ್ನು ಕೊಟ್ಟಿರೋದು ಅಜ್ಜಂಪುರಕ್ಕೆ. ದೊಡ್ಡಪ್ಪನ ಅಡಿಕೆ ತೋಟ ಇರೋದು ತರೀಕೆರೆ ಹತ್ತಿರ. ಹಾಗಾಗಿ ಮೂರು ದಿನ ರಜೆ ಸಿಕ್ಕರೆ ಈ ಮೂರು ಊರಿಗೂ ಒಂದೊಂದು ದಿನ ಹಂಚಬೇಕು. ಒಂದನ್ನು ಬಿಟ್ಟರೂ ಮುಂದಿನ ಸಲ ಮಾತು ಕೇಳೋದು ಗ್ಯಾರಂಟಿ :)

ಈ ಸಲ ಅಜ್ಜಂಪುರದಲ್ಲಿ ನನಗಾಗಿ ಒಂದು ಪಂಚಾಯ್ತಿ ಕಾಯುತ್ತಿತ್ತು.

ಅಕ್ಕನ ಮಗಳಿಗೆ ಈಗ ಹದಿಮೂರು. ನಾಲ್ಕು ವರ್ಷದಿಂದ ಕ್ರಿಕೆಟ್ ಆಡ್ತಾಳೆ. ಮೊದಮೊದಲು ಬೀದಿಯಲ್ಲಿ ಹುಡುಗರ ಜೊತೆ, ಆಮೇಲೆ ಶಾಲೆ ಮೈದಾನದಲ್ಲಿ, ಈಗ ವಾರಕ್ಕೆರಡು ದಿನ ಬಸ್ಸು ಹತ್ತಿ ಹೋಗಿ ಒಬ್ಬ ಕೋಚ್ ಹತ್ತಿರ. ಹೋದ ತಿಂಗಳು ಒಂದು ಕಡೆ ಹುಡುಗಿಯರ ಆಯ್ಕೆ ಪಂದ್ಯ ಇತ್ತು. ಎರಡು ಮ್ಯಾಚ್ ಆಡಿಸಿದರು. ಒಂದರಲ್ಲಿ ನಾಲ್ಕು ರನ್, ಇನ್ನೊಂದರಲ್ಲಿ ಸೊನ್ನೆ. ಪಟ್ಟಿಯಲ್ಲಿ ಇವಳ ಹೆಸರು ಬರಲಿಲ್ಲ.

"ಸಾಕಪ್ಪಾ ಇಂಜಿನಿಯರ್ರೇ, ನೀವೇ ಹೇಳಿ" ಅಂದ್ರು ಭಾವ, ಊಟಕ್ಕೆ ಕೂತಾಗ. "ಎರಡು ಮ್ಯಾಚಿಗೆ ನಾಲ್ಕು ರನ್ನು. ಬ್ಯಾಟಿಗೆ ದುಡ್ಡು, ಪ್ಯಾಡಿಗೆ ದುಡ್ಡು, ಬಸ್ಸಿಗೆ ದುಡ್ಡು. ಇನ್ನೆರಡು ವರ್ಷಕ್ಕೆ ಎಸ್ಸೆಸ್ಸೆಲ್ಸಿ. ಕೈಲಿ ಆಗಲ್ಲ ಅಂತ ಗೊತ್ತಾದ ಮೇಲೂ ಯಾಕೆ ಎಳೀಬೇಕು?"

ಅಕ್ಕ ಏನೂ ಮಾತಾಡದೆ ಮುದ್ದೆ ಬಡಿಸಿದಳು. ಹುಡುಗಿ ತಟ್ಟೆ ನೋಡಿಕೊಂಡೇ ಕೂತಿದ್ದಳು. ನನಗೆ ಇದ್ದಕ್ಕಿದ್ದಂತೆ 2017ರ ಜುಲೈ 23ರ ರಾತ್ರಿ ನೆನಪಾಯ್ತು. ಭಾವ ಇವತ್ತು ಆಡಿದ್ದಕ್ಕಿಂತ ಕೆಟ್ಟ ಮಾತನ್ನು ಅವತ್ತು ನಾನು ಆಡಿದ್ದೆ. ಈ ಬರಹ ಅದರ ಪ್ರಾಯಶ್ಚಿತ್ತ ಅಂತ ಅಂದುಕೊಳ್ಳಿ.

ಅವತ್ತು ಮಹಿಳಾ ವಿಶ್ವಕಪ್ ಫೈನಲ್. ನಾನು ಇಂಜಿನಿಯರಿಂಗ್ ಓದುತ್ತಿದ್ದ ಹಾಸ್ಟೆಲಿನಲ್ಲಿ ಅಲ್ಲಿಯವರೆಗೆ ಹುಡುಗಿಯರ ಕ್ರಿಕೆಟ್ಟಿಗೆ ಅಂತ ಯಾರೂ ಟಿವಿ ಹಾಕಿದ್ದೇ ಇಲ್ಲ. ಅವತ್ತು ಮಾತ್ರ ನಿಲ್ಲೋಕೂ ಜಾಗ ಇರಲಿಲ್ಲ. ಲಾರ್ಡ್ಸ್ ಮೈದಾನ. ಇಂಗ್ಲೆಂಡ್ 228 ಮಾಡಿತ್ತು. ನಾವು ಮೂರು ವಿಕೆಟ್ಟಿಗೆ 191. ಪೂನಂ ರಾವತ್ 86 ಹೊಡೆದು ಔಟಾದಳು. ಆ ಕಡೆ ಕ್ರೀಸಿನಲ್ಲಿ ಇದ್ದವಳು ನಮ್ಮ ಕಡೂರಿನ ಹುಡುಗಿ, ವೇದಾ ಕೃಷ್ಣಮೂರ್ತಿ. "ನಮ್ಮೂರವ್ಳು ಕಣ್ರೋ, ನಮ್ಮೂರವ್ಳು" ಅಂತ ನಾನು ಎಲ್ಲರ ಬೆನ್ನಿಗೂ ಗುದ್ದಿ ಹೇಳಿಕೊಂಡು ಬರ್ತಿದ್ದೆ. ಚೆನ್ನಾಗೇ ಆಡ್ತಿದ್ದಳು, 34 ಬಾಲಿಗೆ 35. ಆಮೇಲೆ ಆನ್ಯಾ ಶ್ರಬ್ಸೋಲ್ ಬಾಲಿಗೆ ದೊಡ್ಡ ಹೊಡೆತಕ್ಕೆ ಹೋಗಿ ಕ್ಯಾಚ್ ಕೊಟ್ಟಳು. ಸ್ಕೋರು ಆಗ 200. ಅಲ್ಲಿಂದ ಮುಂದಿನದು ನಿಮಗೆಲ್ಲ ಗೊತ್ತು. ಕೊನೆಯ ಏಳು ವಿಕೆಟ್ ಬಿದ್ದಿದ್ದು ಬರೀ 28 ರನ್ನಿಗೆ. 219ಕ್ಕೆ ಆಲೌಟ್. ಒಂಬತ್ತು ರನ್ನಿಂದ ಸೋಲು.

ಅದೇ ರಾತ್ರಿ ಫೇಸ್‌ಬುಕ್ಕಿನಲ್ಲಿ ನಾನು ಗೀಚಿದ್ದು: "ಕಡೂರಿನ ಮಾನ ಲಾರ್ಡ್ಸಿನಲ್ಲಿ ಹರಾಜು." ನೂರಾರು ಲೈಕು ಬಂತು. ಯಾವುದೋ ದೊಡ್ಡ ಜೋಕು ಹೊಡೆದ ಖುಷಿಯಲ್ಲಿ ಮಲಗಿದೆ.

ಈಗ ಅದನ್ನು ಓದಿಕೊಂಡರೆ ಮುಖ ಮುಚ್ಚಿಕೊಳ್ಳಬೇಕು ಅನ್ನಿಸುತ್ತೆ. ಅದು ಬೈಗುಳ ಅನ್ನೋದಕ್ಕಿಂತ ನನ್ನ ಲೆಕ್ಕವೇ ತಪ್ಪಾಗಿತ್ತು ಅನ್ನೋದಕ್ಕೆ. ಆ ರಾತ್ರಿ ನಾನು ನೋಡಿದ್ದು ಒಂದೇ ಒಂದು ಬಾಲು. ಅದಕ್ಕೆ ಮುಂಚಿನ ಮೂವತ್ಮೂರು ಬಾಲು ನನ್ನ ತೀರ್ಪಿನಲ್ಲಿ ಲೆಕ್ಕಕ್ಕೇ ಬರಲಿಲ್ಲ. ಎಂಟು ದಿನದ ಹಿಂದೆ, ಅದೇ ಟೂರ್ನಿಯಲ್ಲಿ, ಡರ್ಬಿಯಲ್ಲಿ ನ್ಯೂಜಿಲೆಂಡ್ ಮೇಲೆ ಆಡಿದ ಆಟವೂ ಬರಲಿಲ್ಲ. ಗೆದ್ದವರು ಸೆಮಿಫೈನಲ್ಲಿಗೆ, ಸೋತವರು ಮನೆಗೆ ಅನ್ನೋ ಮ್ಯಾಚದು. ಮಿಥಾಲಿ ರಾಜ್ 109 ಹೊಡೆದರು. ಆದ್ರೆ ಕೊನೆಯಲ್ಲಿ ಬಂದು 45 ಬಾಲಿಗೆ 70 ಚಚ್ಚಿ ಸ್ಕೋರನ್ನು 265ಕ್ಕೆ ತಂದವಳು ವೇದಾ. ಆಮೇಲೆ ಬಿಜಾಪುರದ ರಾಜೇಶ್ವರಿ ಗಾಯಕವಾಡ್ 15 ರನ್ನಿಗೆ ಐದು ವಿಕೆಟ್ ಕಿತ್ತು ನ್ಯೂಜಿಲೆಂಡನ್ನು 79ಕ್ಕೆ ಮುಗಿಸಿದಳು. ನಮ್ಮ ರಾಜ್ಯದ ಇಬ್ಬರು ಸಣ್ಣ ಊರಿನ ಹುಡುಗಿಯರು ಕೈ ಹಾಕಿ ಗೆಲ್ಲಿಸಿದ ಮ್ಯಾಚು! ಆ ಮ್ಯಾಚಿನ ದಿನ ನಮ್ಮ ಹಾಸ್ಟೆಲಿನಲ್ಲಿ ಟಿವಿ ಹಾಕಿರಲಿಲ್ಲ. ನಾನು ನೋಡಲಿಲ್ಲ, ಆದ್ದರಿಂದ ಅದು ನಡೆದೇ ಇಲ್ಲ. ನಮ್ಮ ತೀರ್ಪುಗಳೆಲ್ಲ ಹೀಗೇ ಅಲ್ವಾ?

ವೇದಾ ಬಗ್ಗೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡ್ತೀನಿ. ಹುಟ್ಟಿದ್ದು 1992ರ ಅಕ್ಟೋಬರಿನಲ್ಲಿ. ಕಡೂರಿನ ಬೀದಿಯಲ್ಲಿ ಹುಡುಗರ ಜೊತೆ ಆಡಿ ಬೆಳೆದವಳು. ಕರಾಟೆ ಕಲಿತು ಹನ್ನೆರಡಕ್ಕೇ ಬ್ಲ್ಯಾಕ್ ಬೆಲ್ಟ್ ತಗೊಂಡವಳು. ಆಮೇಲೆ ಕ್ರಿಕೆಟ್ಟಿಗಾಗಿ ಬೆಂಗಳೂರು ಸೇರಿದಳು. ಹದಿನೆಂಟನೇ ವಯಸ್ಸಿಗೆ, 2011ರ ಜೂನ್ 30ರಂದು, ಅದೇ ಡರ್ಬಿಯಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಏಕದಿನ ಪಂದ್ಯ. ಮೊದಲ ಪಂದ್ಯದಲ್ಲೇ 51. ಆಮೇಲೆ ಒಳಗೆ, ಹೊರಗೆ, ಮತ್ತೆ ಒಳಗೆ. 2020ರ ಮಾರ್ಚ್ 8ರಂದು ಮೆಲ್ಬರ್ನಿನಲ್ಲಿ ಟಿ20 ವಿಶ್ವಕಪ್ ಫೈನಲ್, ಎಂಬತ್ತಾರು ಸಾವಿರ ಜನರ ಎದುರು. ಅದೇ ಆಕೆಯ ಕೊನೆಯ ಅಂತಾರಾಷ್ಟ್ರೀಯ ಪಂದ್ಯವಾಯ್ತು. ಮರುವರ್ಷ ಕೋವಿಡ್ಡಿನ ಎರಡನೇ ಅಲೆಯಲ್ಲಿ ಸುಮಾರು ಎರಡೇ ವಾರದೊಳಗೆ ತಾಯಿಯನ್ನೂ ಅಕ್ಕನನ್ನೂ ಕಳೆದುಕೊಂಡಳು. ಅದೇ ದಿನಗಳಲ್ಲಿ ಪ್ರಕಟವಾದ ಇಂಗ್ಲೆಂಡ್ ಪ್ರವಾಸದ ತಂಡದಲ್ಲಿ ಅವಳ ಹೆಸರು ಇರಲಿಲ್ಲ. ಆ ಬಗ್ಗೆ ಆಸ್ಟ್ರೇಲಿಯಾದ ಮಾಜಿ ನಾಯಕಿ ಲಿಸಾ ಸ್ಥಳೇಕರ್ ಬಹಿರಂಗವಾಗೇ ಬೇಸರ ಹೇಳಿಕೊಂಡರು. ಮತ್ತೆ ಭಾರತದ ಜರ್ಸಿ ಸಿಗಲಿಲ್ಲ. 2025ರ ಜುಲೈ 25ಕ್ಕೆ ನಿವೃತ್ತಿ.

ಈಗ ಅಂಕಿ ಅಂಶ. 48 ಏಕದಿನ ಪಂದ್ಯ, 829 ರನ್, ಎಂಟು ಅರ್ಧಶತಕ, ಸರಾಸರಿ 25.90. 76 ಟಿ20, 875 ರನ್. ನಿವೃತ್ತಿಯ ದಿನ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಒಬ್ಬ ಮೊಬೈಲಿನಲ್ಲಿ ಇದನ್ನು ಓದಿ, "ಸಾಧಾರಣ ಪ್ಲೇಯರ್ ಗುರು" ಅಂತ ಹೇಳಿ ಮೊಬೈಲ್ ಜೇಬಿಗಿಟ್ಟ. ಮೂರು ಸೆಕೆಂಡಿಗೆ ಒಂಬತ್ತು ವರ್ಷ ಮುಗಿಯಿತು.

ನಾವು ಇಂಜಿನಿಯರುಗಳು. ಅಂಕಿ ಸುಳ್ಳು ಹೇಳಲ್ಲ ಅಂತ ನಂಬಿದವರು. ಸರಿ, ಹಾಗಾದ್ರೆ ಅಂಕಿಯನ್ನೇ ಕೇಳೋಣ. 829ನ್ನು 25.90ರಿಂದ ಭಾಗಿಸಿದರೆ ಬರೋದು 32. ಅಂದ್ರೆ ಇಡೀ ಏಕದಿನ ಬದುಕಿನಲ್ಲಿ ಅವಳು ಔಟಾಗಿದ್ದು ಮೂವತ್ತೆರಡು ಸಲ. 2011ರಿಂದ 2020ರವರೆಗೆ ಹಂಚಿದರೆ ವರ್ಷಕ್ಕೆ ಐದೋ ಆರೋ ಏಕದಿನ ಪಂದ್ಯ. ನಮ್ಮ ಹುಡುಗರ ತಂಡ ಇಷ್ಟನ್ನು ಎರಡು ವಾರದಲ್ಲಿ ಆಡಿಬಿಡುತ್ತೆ. ಒಂದು ಹೊಸ ಸರ್ವರ್ ಹಾಕಿ, ವರ್ಷಕ್ಕೆ ಐದು ದಿನ ಮಾತ್ರ ಆನ್ ಮಾಡಿ, ಪ್ರತಿ ಸಲ ಬೇರೆ ಬೇರೆ ಲೋಡು ಕೊಟ್ಟು, ಕೊನೆಗೆ "ಇದರ ಪರ್ಫಾರ್ಮೆನ್ಸು ಸಾಧಾರಣ" ಅಂತ ರಿಪೋರ್ಟ್ ಬರೆದರೆ ಯಾವ ಮ್ಯಾನೇಜರ್ ಒಪ್ತಾನೆ? ಆದ್ರೆ ಆಟಗಾರರ ವಿಷಯದಲ್ಲಿ ನಾವು ದಿನಾ ಬರೀತೀವಿ.

ಇನ್ನೊಂದು ವಿಷಯ. ಅವಳು ಆಡ್ತಿದ್ದದ್ದು ಐದನೇ ಅಥವಾ ಆರನೇ ಕ್ರಮಾಂಕದಲ್ಲಿ. ಮೊದಲಿಗೆ ಇಳಿಯೋರಿಗೆ ಪೂರ್ತಿ ಐವತ್ತು ಓವರು ಮುಂದಿರುತ್ತೆ. ನೋಡಿಕೊಂಡು ಆಡಬಹುದು. ಆರನೆಯವಳು ಬರೋದು ಎರಡೇ ಸಂದರ್ಭದಲ್ಲಿ. ಒಂದೋ ಮನೆಗೆ ಬೆಂಕಿ ಬಿದ್ದಾಗ, ಇಲ್ಲಾ ಮದುವೆ ಊಟದ ಕೊನೇ ಪಂಕ್ತಿಯಲ್ಲಿ. ಬೆಂಕಿ ಬಿದ್ದಾಗ ಬಂದ್ರೆ ನಿಧಾನವಾಗಿ ಕಟ್ಟಬೇಕು, ಕೊನೇ ಪಂಕ್ತಿಯಲ್ಲಿ ಬಂದ್ರೆ ಮೊದಲ ಬಾಲಿಂದಲೇ ಬೀಸಬೇಕು. ಬೀಸಿ ಸಿಕ್ಕರೆ ಹತ್ತು ಬಾಲಿಗೆ ಹದಿನಾರು. ಆ ವಿಶ್ವಕಪ್ಪಿನ ಸೆಮಿಫೈನಲ್ಲಿನಲ್ಲಿ ಹರ್ಮನ್‌ಪ್ರೀತ್ 171 ಹೊಡೆದಳಲ್ಲ, ಆಗ ಆ ಕಡೆ ನಿಂತು ವೇದಾ ಮಾಡಿದ್ದು ಅಷ್ಟೇ, ಹತ್ತು ಬಾಲಿಗೆ 16. ತಂಡಕ್ಕೆ ಬೇಕಾಗಿದ್ದೂ ಅಷ್ಟೇ. ಸರಾಸರಿಯ ಲೆಕ್ಕದಲ್ಲಿ ಅದಕ್ಕೆ ಬೆಲೆ ಇಲ್ಲ.

ಇದನ್ನೆಲ್ಲ ಯೋಚನೆ ಮಾಡೋಕೆ ನನಗೆ ದಾರಿ ತೋರಿಸಿದ್ದು, ನಗಬೇಡಿ, ಕೆನಡಾದ ಫುಟ್ಬಾಲು. ಈಗಿನ ಪ್ರಾಜೆಕ್ಟಿನ ಕ್ಲೈಂಟ್ ಟೊರಾಂಟೊದವನು. ಶುಕ್ರವಾರದ ಕಾಲಿನಲ್ಲಿ ಮೊದಲ ಹತ್ತು ನಿಮಿಷ ಅವನ ಊರಿನ ತಂಡದ ಗೋಳು ಕೇಳಲೇಬೇಕು. ಅದು ನಮ್ಮ ಕಾಲ್ಚೆಂಡಲ್ಲ, ಕೈಯಲ್ಲಿ ಹಿಡಿದು ಓಡೋ, ಎಸೆಯೋ ಆಟ. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಅಂತ ಒಬ್ಬ ಇರ್ತಾನೆ. ಪ್ರತಿ ಸಲ ಚೆಂಡು ಅವನ ಕೈಗೇ ಬರೋದು. ಯಾರಿಗೆ ಎಸೀಬೇಕು ಅಂತ ಎರಡು ಮೂರು ಸೆಕೆಂಡಿನಲ್ಲಿ ನಿರ್ಧರಿಸಬೇಕು. ಎದುರಾಳಿ ದಾಂಡಿಗರು ಅವನನ್ನು ಕೆಡವೋಕೆ ನುಗ್ಗಿ ಬರ್ತಿರ್ತಾರೆ. ಅಮೆರಿಕದಲ್ಲಿ ಹತ್ತು ಗಜ ಮುಂದೆ ಹೋಗೋಕೆ ನಾಲ್ಕು ಅವಕಾಶ, ಕೆನಡಾದಲ್ಲಿ ಮೂರೇ. ಮೂರನೆಯದರಲ್ಲಿ ಸಾಮಾನ್ಯವಾಗಿ ಚೆಂಡನ್ನು ಒದ್ದು ಬಿಟ್ಟುಕೊಡ್ತಾರೆ. ಹಾಗಾಗಿ ಕೈಗೆ ಸಿಗೋದು ಎರಡೇ. ತಪ್ಪು ಮಾಡೋಕೆ ಜಾಗವೇ ಇಲ್ಲ. ಹೊಸ ಹುಡುಗ ಎಸೆದ ಚೆಂಡು ಎದುರಾಳಿ ಕೈಗೆ ಸಿಕ್ಕರೆ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ತಪ್ಪು. ಹಿಡಿಯಬೇಕಾದವನು ತಪ್ಪು ದಿಕ್ಕಿಗೆ ಓಡಿದ್ದನ್ನು ಯಾರೂ ಬರೆಯಲ್ಲ. ಅವನನ್ನು ಕಾಯಬೇಕಾದವರು ಕಾಲು ಜಾರಿ ಬಿದ್ದದ್ದನ್ನೂ ಬರೆಯಲ್ಲ.

ಆ ಕ್ಲೈಂಟೇ ಹೇಳಿದ ಮೇಲೆ ನಾನು ವಾರೆನ್ ಮೂನ್ ಬಗ್ಗೆ ಓದಿದೆ. 1978ರಲ್ಲಿ ಅಮೆರಿಕದ ತಂಡಗಳು ಅವನನ್ನು ಕ್ವಾರ್ಟರ್‌ಬ್ಯಾಕ್ ಆಗಿ ತಗೊಳ್ಳೋಕೆ ಮನಸ್ಸು ಮಾಡಲಿಲ್ಲ. ಕಪ್ಪು ಹುಡುಗ, ಬೇರೆ ಜಾಗದಲ್ಲಿ ಆಡಲಿ ಅನ್ನೋ ಕಾಲ ಅದು. ಅವನು ಕೆನಡಾದ ಎಡ್ಮಂಟನ್‌ಗೆ ಹೋದ. ಅಲ್ಲಿ ಮೊದಲ ದಿನದಿಂದಲೇ ಎಲ್ಲ ಭಾರ ಹೊರಿಸಲಿಲ್ಲ. ಹಳೆಯ ಆಟಗಾರ ಟಾಮ್ ವಿಲ್ಕಿನ್ಸನ್ ಜೊತೆ ಹಂಚಿಕೊಂಡು ಆಡಿಸಿದರು. 1978ರಿಂದ 1982ರವರೆಗೆ ಸತತ ಐದು ಗ್ರೇ ಕಪ್! ಆಮೇಲೆ ಅದೇ ಅಮೆರಿಕ ಅವನನ್ನು ಕರೆಸಿಕೊಳ್ತು. 2006ರಲ್ಲಿ ಅವರ ಹಾಲ್ ಆಫ್ ಫೇಮಿಗೂ ಸೇರಿಸಿತು. ಎಡ್ಮಂಟನ್‌ನವರು ನೆರಳು ಕೊಟ್ಟು ಬೆಳೆಸಿದರು ಅಂತ ನನಗನ್ನಿಸ್ತು.

ನೆರಳು ಅಂದಾಗ ದೊಡ್ಡಪ್ಪನ ತೋಟ ನೆನಪಾಗುತ್ತೆ. ಅಡಿಕೆ ಸಸಿ ನೆಟ್ಟರೆ ಫಸಲು ನೋಡೋಕೆ ಐದಾರು ವರ್ಷ. ಅಲ್ಲಿವರೆಗೆ ಬಿಸಿಲು ತಾಗದ ಹಾಗೆ ನಡುವೆ ಬಾಳೆ ಹಾಕ್ತಾರೆ. ಎರಡನೇ ವರ್ಷ ಗೊನೆ ಬಿಡಲಿಲ್ಲ ಅಂತ ಸಸಿ ಕಿತ್ತವನನ್ನು ತರೀಕೆರೆ ಸೀಮೆಯಲ್ಲಿ ನಾನು ಕಂಡಿಲ್ಲ. ಹಾಗಂತ ದೊಡ್ಡಪ್ಪ ಸಸಿಗಳನ್ನು ಸುಮ್ಮನೆ ಬಿಡೋದೂ ಇಲ್ಲ. ವಾರಕ್ಕೊಂದು ಸಲ ಸಾಲು ಸಾಲಾಗಿ ನಡೆದು ಸುಳಿ ನೋಡ್ತಾರೆ. ಎಲೆ ಬಣ್ಣ ನೋಡ್ತಾರೆ. ಬುಡದ ಮಣ್ಣು ಮುಟ್ಟಿ ನೋಡ್ತಾರೆ. ಸುಳಿ ಕೊಳೆತಿದ್ದರೆ ಮರುಮಾತಿಲ್ಲದೆ ಕಿತ್ತು ಹೊಸದು ಹಾಕ್ತಾರೆ. ಅವರು ಅಡಿಕೆ ಎಣಿಸ್ತಿಲ್ಲ ಅಷ್ಟೇ, ಪರೀಕ್ಷೆ ನಡೀತಾನೇ ಇರುತ್ತೆ.

ನನ್ನ ವಾದವೂ ಇಷ್ಟೇ. ಬೆಳೆಯುತ್ತಿರೋ ಆಟಗಾರರನ್ನು ಅಳೀಬೇಡಿ ಅಂತ ನಾನು ಹೇಳ್ತಿಲ್ಲ. ಅಳೀಲೇಬೇಕು. ಒಬ್ಬಳಿಗೆ ಕೊಟ್ಟ ಜಾಗ ಇನ್ನೊಬ್ಬಳಿಂದ ಕಿತ್ತುಕೊಂಡದ್ದೇ ಅಲ್ವಾ? ಹೊರಗೆ ಕೂತವಳಿಗೂ ಒಂದು ಊರಿದೆ, ಬಸ್ ಚಾರ್ಜ್ ಕೊಡೋ ಅಪ್ಪ ಇದ್ದಾನೆ. ಪ್ರಶ್ನೆ ಇರೋದು ಏನನ್ನು ಅಳೀಬೇಕು, ಎಷ್ಟು ದಿನಕ್ಕೊಮ್ಮೆ ಅಳೀಬೇಕು ಅನ್ನೋದು. ಬಲಿತ ಮರಕ್ಕೆ ಅಡಿಕೆ ಎಣಿಸಿ. ಸಸಿಗೆ ಸುಳಿ ನೋಡಿ.

ಸುಳಿ ನೋಡೋದು ಅಂದ್ರೆ ಹೇಗೆ? ನನಗೆ ತೋಚಿದ ಮೂರು ಪ್ರಶ್ನೆ ಇವು. ಅವಳು ಬಂದಾಗ ಪರಿಸ್ಥಿತಿ ಏನಿತ್ತು, ಏನು ಮಾಡು ಅಂತ ಹೇಳಿ ಕಳಿಸಿದ್ರು? ಔಟಾದದ್ದು ಹಳೇ ತಪ್ಪಿಗೋ ಹೊಸ ತಪ್ಪಿಗೋ? ಮತ್ತೆ, ಎಷ್ಟು ಅವಕಾಶ ಅಂತ ಮೊದಲೇ ಹೇಳಿದ್ರಾ, ಅಥವಾ ಪ್ರತಿ ಮ್ಯಾಚೂ ಕೊನೇ ಮ್ಯಾಚು ಅನ್ನೋ ಹಾಗೆ ಆಡಿಸಿದ್ರಾ?

ಎರಡನೇ ಪ್ರಶ್ನೆ ನನಗೆ ಬಹಳ ಮುಖ್ಯ ಅನ್ನಿಸುತ್ತೆ. ಕೋಡ್ ರಿವ್ಯೂ ಮಾಡೋರಿಗೆ ಇದು ಗೊತ್ತು. ಹೊಸ ಹುಡುಗ ತಿಂಗಳಿಗೆ ಹತ್ತು ತಪ್ಪು ಮಾಡಲಿ, ಪರವಾಗಿಲ್ಲ. ಹತ್ತೂ ಬೇರೆ ಬೇರೆ ತಪ್ಪಾದ್ರೆ ಅವನು ಕಲೀತಿದ್ದಾನೆ. ಎರಡೇ ತಪ್ಪು ಮಾಡಿ, ಎರಡೂ ಒಂದೇ ತಪ್ಪಾದ್ರೆ ಕೂರಿಸಿ ಮಾತಾಡಬೇಕು. ನನ್ನ ಮೊದಲ ಕೆಲಸದಲ್ಲಿ (ಕಂಪನಿ ಹೆಸರು ಬೇಡ ಬಿಡಿ) ಮುಳುಗುತ್ತಿದ್ದ ಒಂದು ಮಾಡ್ಯೂಲನ್ನು ತಂದು ನನ್ನ ಕೈಗೆ ಕೊಟ್ಟರು. ವರ್ಷದ ಕೊನೆಗೆ ಮಾಡ್ಯೂಲು ಮುಳುಗಿತು, ನನಗೆ ಎಲ್ಲರಿಗಿಂತ ಕೆಳಗಿನ ರೇಟಿಂಗ್ ಬಂತು. ಹೊರಡೋಣ ಅಂತಿದ್ದಾಗ ಒಬ್ಬರು ಹಿರಿಯ ಸಹೋದ್ಯೋಗಿ ನನ್ನ ಒಂದು ವರ್ಷದ ಚೆಕ್‌ಇನ್‌ಗಳನ್ನು ಒಂದೊಂದಾಗಿ ತೆಗೆದು ನೋಡಿದರು. "ಜನವರಿಯಲ್ಲಿ ಮಾಡಿದ ತಪ್ಪು ಜೂನಿನಲ್ಲಿ ಒಂದೂ ಇಲ್ಲವಲ್ಲ ಮಾರಾಯ" ಅಂದರು. ಆ ಒಂದು ಮಾತಿನ ಮೇಲೆ ನಾನು ಇವತ್ತಿಗೂ ಇದೇ ಕಸುಬಿನಲ್ಲಿದ್ದೀನಿ.

ನಮ್ಮ ಕಡೆಯದೇ ಇನ್ನೊಂದು ಕತೆ. ತರೀಕೆರೆಯಿಂದ ರೈಲು ಹತ್ತಿದರೆ ಭದ್ರಾವತಿ ಎಷ್ಟು ದೂರ? ಅಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ 1969ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್ ಆಡಿದರು. ಮೊದಲ ಇನ್ನಿಂಗ್ಸ್ ಸೊನ್ನೆ. ಟೆಸ್ಟಿನ ಪುಣ್ಯ ಏನಂದ್ರೆ ಎರಡನೇ ಇನ್ನಿಂಗ್ಸ್ ಇರುತ್ತೆ. ಅದರಲ್ಲಿ 137. ಒಂದೇ ಪಂದ್ಯ, ಒಬ್ಬನೇ ಮನುಷ್ಯ, ಅದೇ ಬ್ಯಾಟು. ನಮ್ಮ ಆಯ್ಕೆ ಪಂದ್ಯಗಳಲ್ಲಿ ಎಷ್ಟು ಮಕ್ಕಳಿಗೆ ಆ ಎರಡನೇ ಇನ್ನಿಂಗ್ಸ್ ಸಿಗುತ್ತೆ?

ಕರುಣ್ ನಾಯರ್‌ನನ್ನೇ ತಗೊಳ್ಳಿ. 2016ರ ಡಿಸೆಂಬರಿನಲ್ಲಿ ಚೆನ್ನೈನಲ್ಲಿ ಔಟಾಗದೆ 303. ಅದಾದ ಮೇಲೆ ಸಿಕ್ಕಿದ್ದು ಮೂರೇ ಟೆಸ್ಟು. ಆಮೇಲೆ ಎಂಟು ವರ್ಷ ಕಾದ. 2024-25ರ ವಿಜಯ್ ಹಜಾರೆಯಲ್ಲಿ ವಿದರ್ಭಕ್ಕೆ 779 ರನ್ ಗುಡ್ಡೆ ಹಾಕಿ ಬಾಗಿಲು ಒಡೆದೇ ಒಳಗೆ ಬಂದ. 2025ರ ಇಂಗ್ಲೆಂಡ್ ಪ್ರವಾಸದಲ್ಲಿ ನಾಲ್ಕು ಟೆಸ್ಟು, ಎಂಟು ಇನ್ನಿಂಗ್ಸು, 205 ರನ್ನು. ಮತ್ತೆ ಹೊರಗೆ. 2017ರಲ್ಲಿ ಬಿಟ್ಟಿದ್ದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ. ಆದ್ರೆ 2025ರಲ್ಲಿ ಬಿಟ್ಟಿದ್ದಕ್ಕೆ ಬೇಜಾರಿದೆ, ಸಿಟ್ಟಿಲ್ಲ. 20, 31, 26, 40 ಹೀಗೆ ಕುದುರಿಕೊಂಡ ಮೇಲೆ ಮತ್ತೆ ಮತ್ತೆ ಔಟಾದ. ಎಂಟು ಸಲ ನೋಡಿದರು. ನನ್ನದೇ ಎರಡನೇ ಪ್ರಶ್ನೆಯನ್ನು ನಮ್ಮ ಹುಡುಗನಿಗೂ ಕೇಳಬೇಕಲ್ಲ. ನಮ್ಮವನು ಅಂತ ಅಳತೆಗೋಲು ಬದಲಾಯಿಸಿದರೆ ಅದು ಅಳತೆ ಆಗಲ್ಲ, ಅಭಿಮಾನ ಆಗುತ್ತೆ.

2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ಕೊನೆಗೂ ನಮ್ಮ ಹುಡುಗಿಯರು ವಿಶ್ವಕಪ್ ಗೆದ್ದರು. ದಕ್ಷಿಣ ಆಫ್ರಿಕಾ ಮೇಲೆ 52 ರನ್ನಿಂದ. ಗೆಲ್ಲಿಸಿದವರು ಯಾರು ನೋಡಿ. ಫೈನಲ್ಲಿನಲ್ಲಿ 87 ಹೊಡೆದು, ಬೌಲಿಂಗಿನಲ್ಲೂ ಎರಡು ವಿಕೆಟ್ ತೆಗೆದ ಶೆಫಾಲಿ ವರ್ಮಾ ಮೊದಲು ಪ್ರಕಟಿಸಿದ ತಂಡದಲ್ಲೇ ಇರಲಿಲ್ಲ. ಪ್ರತೀಕಾ ರಾವಲ್‌ಗೆ ಗಾಯವಾಗಿದ್ದಕ್ಕೆ ಸೆಮಿಫೈನಲ್ ಹೊತ್ತಿಗೆ ಕರೆಸಿಕೊಂಡರು. ಆ ಸೆಮಿಫೈನಲ್ಲಿನಲ್ಲಿ ಆಸ್ಟ್ರೇಲಿಯಾದ 338ನ್ನು ಬೆನ್ನಟ್ಟಿ ಔಟಾಗದೆ 127 ಮಾಡಿದ ಜೆಮಿಮಾ ರೋಡ್ರಿಗಸ್‌ಳನ್ನು 2022ರ ವಿಶ್ವಕಪ್ಪಿಗೆ ಕರೆದೊಯ್ದಿರಲೇ ಇಲ್ಲ. 2025ರ ಟೂರ್ನಿಯ ನಡುವೆಯೂ ಒಂದು ಪಂದ್ಯಕ್ಕೆ ಹೊರಗೆ ಕೂರಿಸಿದ್ದರು. ಇಬ್ಬರನ್ನೂ ಒಂದೊಂದು ಸಲ "ಆಯ್ತು, ಸಾಕು" ಅಂದಿದ್ದೇ. ಇಬ್ಬರಿಗೂ ವಾಪಸ್ ಬರೋಕೆ ಒಂದು ದಾರಿ ತೆರೆದಿತ್ತು, ಅಷ್ಟೇ ವ್ಯತ್ಯಾಸ. ಮಹಿಳೆಯರ ಪ್ರೀಮಿಯರ್ ಲೀಗ್ 2023ರಲ್ಲಿ ಶುರುವಾದ ಮೇಲೆ ಆ ದಾರಿ ಸ್ವಲ್ಪ ಅಗಲ ಆಗಿದೆ. ವೇದಾ ಗುಜರಾತ್ ತಂಡಕ್ಕೆ ಸೇರಿದ್ದು 2024ರಲ್ಲಿ, ಮೂವತ್ತೊಂದು ದಾಟಿದ ಮೇಲೆ. ಇಪ್ಪತ್ತರಲ್ಲಿ ಆ ಲೀಗು ಇದ್ದಿದ್ದರೆ ಏನಾಗ್ತಿತ್ತು? ಗೊತ್ತಿಲ್ಲ. ಆದ್ರೆ ಆ ಮೂವತ್ತೆರಡು ಸ್ಯಾಂಪಲ್ಲಿನ ಮೇಲೆ ನಾವು ಷರಾ ಬರೀತಿರಲಿಲ್ಲ ಅಂತ ಮಾತ್ರ ಗೊತ್ತು.

ಮತ್ತೆ ಅಜ್ಜಂಪುರಕ್ಕೆ ಬರ್ತೀನಿ. ಊಟ ಆದ ಮೇಲೆ ಹುಡುಗಿಯನ್ನು ಕರಕೊಂಡು ರೈಲ್ವೆ ಸ್ಟೇಷನ್ ಕಡೆ ಒಂದು ಸುತ್ತು ಹೋದೆ.

"ಏನೇ, ನಾಲ್ಕು ರನ್ ಹೇಗೆ ಮಾಡ್ದೆ?"

"ಒಂಬತ್ತು ಬಾಲು ಉಳಿದಿತ್ತು ಮಾಮ. ಹೋಗಿ ಹೊಡಿ ಅಂದ್ರು. ಎರಡನೇ ಬಾಲು ಫೋರ್ ಹೋಯ್ತು. ಮೂರನೇದು ಮೇಲೆ ಹೋಯ್ತು, ಕ್ಯಾಚು."

"ಸೊನ್ನೆ?"

ಸ್ವಲ್ಪ ಹೊತ್ತು ಮಾತಾಡಲಿಲ್ಲ. "ನಾನು ಒಂದೂ ಬಾಲ್ ಆಡ್ಲಿಲ್ಲ ಮಾಮ. ಆ ಕಡೆಯವಳು ಕರೆದ್ಲು, ಓಡ್ದೆ. ಅವಳು ವಾಪಸ್ ಹೋದ್ಲು. ರನ್ ಔಟ್."

"ಅಪ್ಪನಿಗೆ ಹೇಳಿಲ್ವಾ?"

"ಕೇಳ್ಲಿಲ್ಲ."

ಇಷ್ಟೇ ನೋಡಿ. ಎರಡು ಪಂದ್ಯ, ಒಟ್ಟು ಮೂರು ಬಾಲು. ಅದರಲ್ಲೊಂದು ಫೋರು. ಪುಸ್ತಕದಲ್ಲಿ ಬರೆದಿರೋದು 4 ಮತ್ತು 0. ಪುಸ್ತಕ ಸುಳ್ಳು ಹೇಳಿಲ್ಲ. ಆದ್ರೆ ಅದು ಹೇಳಿದ್ದು ಏನೇನೂ ಸಾಲದು. ಭಾವನೂ ಸುಳ್ಳು ಹೇಳಲಿಲ್ಲ, ಆಯ್ಕೆ ಮಾಡಿದವರೂ ಬೇಕಂತ ಅನ್ಯಾಯ ಮಾಡಿದರು ಅಂತ ನಾನು ಹೇಳಲ್ಲ. ಅವರ ಮುಂದೆ ಬೇಕಾದಷ್ಟು ಮಕ್ಕಳು, ಇದ್ದದ್ದು ಎರಡು ದಿನ. ಯಾರೂ ಒಂದು ಪ್ರಶ್ನೆ ಹೆಚ್ಚು ಕೇಳಲಿಲ್ಲ, ಅಷ್ಟೇ. 2017ರಲ್ಲಿ ಹಾಸ್ಟೆಲಿನ ಟಿವಿ ಮುಂದೆ ನಾನೂ ಕೇಳಿರಲಿಲ್ಲ.

ರಾತ್ರಿ ಭಾವನ ಹತ್ತಿರ ಕೂತು ಮಾತಾಡಿದೆ. ಅವರ ಚಿಂತೆ ಸುಳ್ಳಲ್ಲ. ಈರುಳ್ಳಿ ರೇಟು ಬಿದ್ದ ವರ್ಷ ಬ್ಯಾಟಿನ ದುಡ್ಡು ದೊಡ್ಡದೇ. "ಮಗಳು ವೇದಾ ಆಗ್ತಾಳೆ" ಅಂತ ನಾನು ಹೇಳಲಿಲ್ಲ. ಆ ಮಾತು ಹೇಳೋಕೆ ನನಗೆ ಯಾವ ಹಕ್ಕೂ ಇಲ್ಲ. ಬಹುಶಃ ಆಗದೇ ಇರಬಹುದು. ನಾನು ಕೇಳಿದ್ದು ಇಷ್ಟೇ: ಮುಂದಿನ ಎರಡು ಸೀಸನ್ ಅಂತ ಈಗಲೇ ಮಾತಾಡಿಕೊಳ್ಳೋಣ. ನಡುವೆ ಯಾವ ಸೊನ್ನೆಗೂ ಪಂಚಾಯ್ತಿ ಬೇಡ. ಒಂದು ನೋಟ್‌ಬುಕ್ ಇಡಲಿ. ಯಾವಾಗ ಇಳಿದಳು, ಎಷ್ಟು ಬಾಲು ಉಳಿದಿತ್ತು, ಏನು ಹೇಳಿ ಕಳಿಸಿದ್ರು, ಹೇಗೆ ಔಟು. ಎರಡು ಸೀಸನ್ ಆದ ಮೇಲೆ ಎಲ್ಲರೂ ಕೂತು ಓದೋಣ. ಅವಳೂ ಕೂತಿರಲಿ. ತಪ್ಪುಗಳು ಹಳೇವೇ ಆಗಿದ್ದರೆ ಅವಳೇ ಹೇಳ್ತಾಳೆ. ಎಸ್ಸೆಸ್ಸೆಲ್ಸಿ ಗಣಿತ ವಾರಕ್ಕೊಂದು ದಿನ ಫೋನಿನಲ್ಲಿ ನನ್ನ ಜವಾಬ್ದಾರಿ. ಪ್ಯಾಡಿನ ದುಡ್ಡೂ ನನ್ನದೇ.

ಭಾವ ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತಾ ಕೂತರು. ಕೊನೆಗೆ, "ಎರಡು ಸೀಸನ್ ಅಂದ್ರಿ. ಮೂರನೇದು ಕೇಳಬಾರದು" ಅಂದ್ರು.

ಆಯ್ತು ಅಂದೆ. ಅಕ್ಕ ಒಳಗಿನಿಂದ, "ಪ್ಯಾಡಿನ ಅಳತೆ ಈಗ್ಲೇ ತಗೊಂಡು ಹೋಗೋ" ಅಂದ್ಲು :)

ಬೆಂಗಳೂರಿಗೆ ವಾಪಸ್ ಬಂದ ರಾತ್ರಿ ಆ ಹಳೇ ಫೇಸ್‌ಬುಕ್ ಸಾಲನ್ನು ಹುಡುಕಿದೆ. ಇನ್ನೂ ಇತ್ತು, ನೂರಾರು ಲೈಕಿನ ಸಮೇತ. ಅಳಿಸಿಬಿಡೋಣ ಅಂತ ಕೈ ಹೋಯ್ತು, ಅಳಿಸಲಿಲ್ಲ. ಕೆಳಗೆ ಒಂದು ಸಾಲು ಸೇರಿಸಿದೆ: "ಬರೆದವನು ಅವತ್ತು ಒಂದೇ ಬಾಲ್ ನೋಡಿದ್ದ."

ನಿಮ್ಮ ಕಡೆ ಹೇಗೆ? ನಿಮ್ಮೂರಿನ ಆಯ್ಕೆ ಪಂದ್ಯಗಳಲ್ಲಿ ಮಕ್ಕಳಿಗೆ ಎಷ್ಟು ಬಾಲು ಸಿಗುತ್ತೆ? ನೀವೂ ಯಾರ ಬಗ್ಗೆಯಾದ್ರೂ ಹೀಗೆ ಅವಸರದ ತೀರ್ಪು ಕೊಟ್ಟು ಆಮೇಲೆ ಕೈ ಕೈ ಹಿಸುಕಿಕೊಂಡಿದ್ದೀರಾ? ಎರಡು ಸೀಸನ್ ಕಡಿಮೆ ಆಯ್ತು ಅಂತೀರಾ, ಜಾಸ್ತಿ ಆಯ್ತು ಅಂತೀರಾ? ಬರೀರಿ. ಜಗಳ ಆಡೋದಿದ್ರೂ ಬನ್ನಿ, ಆದ್ರೆ ಸರಾಸರಿ ಒಂದನ್ನೇ ಹಿಡಕೊಂಡು ಬರಬೇಡಿ :)